ಕುಡಿತ ಬಿಡೋಕೆ ಹೋದ ಕಡೆಯೂ ಜಾತಿ ಎದುರಾದ್ರೆ ಎಲ್ಲಿಗೆ ಹೋಗೋದು?

ಸ್ವಲ್ಪ ಉದ್ದದ ಪೋಸ್ಟ್, ಪುರುಸೊತ್ತಿದ್ದಾಗ ಓದಿ.

ನಮ್ಮ ಚಳವಳಿಯಲ್ಲಿ ಕುಡಿತದ ಬಗ್ಗೆ ಎರಡೇ ಥರದ ಮಾತಿದೆ. ಒಂದು, ಅಂಗಡಿ ಮುಚ್ಚಿಸಿ ಅನ್ನೋದು. ಇನ್ನೊಂದು, ಕುಡಿಯೋನನ್ನ ಬೈಯೋದು. 'ಹೆಂಡ ಬೇಡ, ವಸತಿ ಶಾಲೆ ಬೇಕು' ಅಂತ ದಸಂಸ ಕೂಗಿದ ಕಾಲದಿಂದ ಹಿಡಿದು, 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡ್ಕೊಂಡು ಬಂದ ತನಕ, ಮೊದಲನೇ ಮಾತಿಗೆ ದೊಡ್ಡ ಇತಿಹಾಸ ಇದೆ. ನನಗೆ ಅದರ ಬಗ್ಗೆ ಗೌರವ ಇದೆ. ಎರಡನೇದಕ್ಕೆ ನಾವು ಬಾಬಾಸಾಹೇಬರನ್ನೇ ಎಳೆದು ತರ್ತೀವಿ. 1956ರಲ್ಲಿ ನಾಗಪುರದಲ್ಲಿ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟಲ್ಲ ಅನ್ನೋದೂ ಒಂದು, ನಿಜ. ಆದರೆ ಹದಿನೈದು ವರ್ಷ ಕುಡಿದು ಬೆಳಗ್ಗೆ ಎದ್ದ ತಕ್ಷಣ ಕೈ ನಡುಗೋನಿಗೆ ಪ್ರತಿಜ್ಞೆ ಓದಿಸಿದ್ರೆ ನಡುಕ ನಿಲ್ಲುತ್ತಾ? ಅಂಥೋನು ದಿಢೀರಂತ ಬಿಟ್ಟರೆ ಫಿಟ್ಸ್ ಬರಬಹುದು, ಭ್ರಮೆ ಹಿಡೀಬಹುದು, ಜೀವಾನೇ ಹೋಗಬಹುದು. ಮೊದಲ ಕೆಲವು ದಿನ ಡಾಕ್ಟರ ಕಣ್ಣಳತೆಯಲ್ಲಿರಬೇಕು ಅನ್ನೋದು ಅದಕ್ಕೇ.

ಆ ದಿನಗಳು ಕಳೆದ ಮೇಲೆ ನಿಜವಾದ ಕಷ್ಟ ಶುರು. ಮನೆಗೆ ಬಂದಾಯ್ತು, ಅದೇ ಬೀದಿ, ಅದೇ ಬಾರು, ಶನಿವಾರ ಕೈಗೆ ಬಟವಾಡೆ. ಇಲ್ಲಿ ಆಸರೆ ಆಗೋದು ಗುಂಪು ಚಿಕಿತ್ಸೆ. ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ, ಕೆಲಸ ಬಿಡಬೇಕಿಲ್ಲ. ವಾರಕ್ಕೊಂದು ಸಲ ಎಂಟತ್ತು ಜನ ಸುತ್ತ ಕೂತು, ಒಬ್ಬ ಕೌನ್ಸೆಲರ್ ಎದುರಿಗೆ, ಈ ವಾರ ಯಾವಾಗ ಆಸೆ ಬಂತು, ಯಾರು ಕರೆದ್ರು, ಎಲ್ಲಿ ಜಾರಿದೆ ಅಂತ ಹೇಳ್ಕೊಳ್ಳೋದು. ಕೆಲವರಿಗೆ ಜೊತೆಗೆ ನಾಲ್ಟ್ರೆಕ್ಸೋನ್ ಥರದ ಮಾತ್ರೆ ಇರುತ್ತೆ. ಮಾತ್ರೆ ಆಸೆ ತಗ್ಗಿಸುತ್ತೆ, ಗುಂಪು ಆ ಮನುಷ್ಯ ಒಬ್ಬಂಟಿ ಆಗದ ಹಾಗೆ ನೋಡ್ಕೊಳ್ಳುತ್ತೆ. ಇಷ್ಟೇ ಅದರ ಗುಟ್ಟು. ಬಾಯಿ ಬಿಟ್ಟು ಹೇಳಿದ್ರೆ ಮಾತ್ರ ಕೆಲಸ ಮಾಡುತ್ತೆ.

ನಮ್ಮೋರಿಗೆ ಬಾಯಿ ಕಟ್ಟೋದು ಅಲ್ಲೇ.

ನನ್ನ ಭಾಮೈದ ಒಳಚರಂಡಿ ಕೆಲಸದೋನು, ಕಂತ್ರಾಟು. ಅವನನ್ನ ಕೇಳಿಯೇ ಇದನ್ನ ಬರೀತಿದ್ದೀನಿ. ನಮ್ಮ ಕಡೆ ಇರೋ ಒಂದು ಖಾಸಗಿ ಕೇಂದ್ರದ ಸಂಜೆ ಗುಂಪಿಗೆ ಹೋಗ್ತಿದ್ದ. ಮೊದಲೆರಡು ವಾರ ಚೆನ್ನಾಗಿತ್ತು, ಮನೇಲಿ ಅಕ್ಕನ ಹತ್ರ ನಗ್ತಾ ಮಾತಾಡ್ತಿದ್ದ. ಮೂರನೇ ವಾರ 'ನಿಮಗೆ ಕುಡೀಬೇಕು ಅನ್ಸೋದು ಯಾವಾಗ' ಅಂತ ಕೇಳಿದ್ದಾರೆ. ಇವನು ಇದ್ದದ್ದು ಇದ್ದಂಗೆ ಹೇಳಿದ. ಗುಂಡಿಗೆ ಇಳಿಯೋ ಮುಂಚೆ ಮೇಸ್ತ್ರಿನೇ ಕ್ವಾರ್ಟರ್‌ಗೆ ದುಡ್ಡು ಕೊಡ್ತಾನೆ, ಕುಡೀದೆ ಆ ವಾಸನೆಗೆ ಇಳಿಯೋಕೆ ಆಗಲ್ಲ, ಮನೆಗೆ ಬಂದು ಎಷ್ಟು ಸೋಪು ಹಾಕಿದ್ರೂ ಮಗಳು ಹತ್ರ ಬರಲ್ಲ, ಆಗ ಇನ್ನೊಂದು ಕ್ವಾರ್ಟರ್. ಪಕ್ಕದಲ್ಲಿದ್ದವರೊಬ್ಬರು 'ನಿಮ್ಮ ಜನಕ್ಕೆ ಅದು ರಕ್ತದಲ್ಲೇ ಬಂದಿರುತ್ತೆ ಬಿಡಿ' ಅಂದ್ರಂತೆ. ನಾಲ್ಕು ಜನ ನಕ್ಕರು. ಕೌನ್ಸೆಲರ್ ಆ ಮಾತನ್ನ ತಡೀಲಿಲ್ಲ. ಇವನಿಗೇ ತಿರುಗಿ 'ನೆಪ ಹೇಳಬೇಡಿ, ಜವಾಬ್ದಾರಿ ತಗೊಳ್ಳಿ' ಅಂದ್ರು. ಮುಂದಿನ ವಾರ ಹೋಗಿ ಸುಮ್ನೆ ಕೂತು ಬಂದ. ಆಮೇಲೆ ಹೋಗೋದನ್ನೇ ನಿಲ್ಲಿಸಿದ.

ಕೌನ್ಸೆಲರ್ ಪರವಾಗಿ ಒಂದು ಮಾತು ಹೇಳಬೇಕು. ಚಟಕ್ಕೆ ಬಿದ್ದೋರು ನೆಪ ಹೇಳೋದು ಸುಳ್ಳಲ್ಲ. ಮಳೆ ಬಂದ್ರೂ ಕುಡೀತಾರೆ, ಬಿಸಿಲು ಬಂದ್ರೂ ಕುಡೀತಾರೆ. ಆದರೆ ರಕ್ಷಣಾ ಸಲಕರಣೆ ಇಲ್ಲದೆ ಮನುಷ್ಯನನ್ನ ಮ್ಯಾನ್‌ಹೋಲಿಗೆ ಇಳಿಸೋದು ನೆಪ ಅಲ್ಲ, 2013ರ ಕಾಯ್ದೆ ಪ್ರಕಾರ ಅಪರಾಧ. ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮಲ ಹೊರೋ ಪದ್ಧತಿ ವಿರುದ್ಧ ಇಷ್ಟು ವರ್ಷ ಹೋರಾಡಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಪೇಪರ್‌ನೋರೆಲ್ಲ ಬರೆದ್ರು. ಆ ಕೆಲಸಕ್ಕೂ ಕುಡಿತಕ್ಕೂ ಇರೋ ನಂಟು ಕೌನ್ಸೆಲಿಂಗ್ ಕೋಣೆ ಒಳಗೆ ಮಾತ್ರ ಇನ್ನೂ ಹೋಗಿಲ್ಲ. ತಾನು ಯಾಕೆ ಕುಡೀತೀನಿ ಅನ್ನೋದರಲ್ಲಿ ಅರ್ಧ ಭಾಗ ನುಂಗಿಕೊಂಡು ಉಳಿದರ್ಧ ಹೇಳು ಅಂದ್ರೆ, ಅದೆಂಥ ಚಿಕಿತ್ಸೆ ಸ್ವಾಮಿ?

ಕಾನೂನು ನಮ್ಮ ಪರ ಇದೆ, ಇದನ್ನ ಬರೆದಿಟ್ಕೊಳ್ಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ, ಮಾದಕವಸ್ತು ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ತೊಂದರೆಗಳೂ ಸೇರ್ತವೆ. ಸರ್ಕಾರ ನಡೆಸೋ ಅಥವಾ ಅದರ ದುಡ್ಡಲ್ಲಿ ನಡೆಯೋ ಸೇವೆಯಲ್ಲಿ ಚಿಕಿತ್ಸೆ ಪಡೆಯೋ ಹಕ್ಕು ಎಲ್ಲರಿಗೂ ಇದೆ, ಅದರಲ್ಲಿ ಭೇದ ಮಾಡಬಾರದು ಅಂತ 18ನೇ ಕಲಂ ಹೇಳುತ್ತೆ. ಅಲ್ಲಿ ಜಾತಿ ಅನ್ನೋ ಪದವನ್ನೇ ಬಳಸಿದ್ದಾರೆ.

ಹಕ್ಕು ಇದೆ ಸರಿ, ಸೇವೆ ಎಲ್ಲಿದೆ? ನಿಮ್ಹಾನ್ಸ್‌ನಲ್ಲಿ 1991ರಿಂದ ವ್ಯಸನ ಚಿಕಿತ್ಸೆಗೇ ವಿಭಾಗ ಇದೆ, ಒಳ್ಳೆಯದೇ. ಆದರೆ ಅದಿರೋದು ಹೊಸೂರು ರಸ್ತೇಲಿ. ಕೆಂಗೇರಿಯಿಂದ ಮೆಟ್ರೊ ಹತ್ತಿ, ಇಳಿದು, ಬಸ್ಸು ಹಿಡಿದು, ಕ್ಯೂ ನಿಂತು ಬರೋಷ್ಟರಲ್ಲಿ ಒಂದು ದಿನದ ಕೂಲಿ ಹೋಯ್ತು. (ಜೊತೆಗೆ ಬರೋ ಹೆಂಡತಿಗೆ ಶಕ್ತಿ ಯೋಜನೇಲಿ ಬಸ್ಸು ಫ್ರೀ, ರೋಗಿಗೆ ಟಿಕೆಟ್ಟು!) ಕಾಮಾಕ್ಷಿಪಾಳ್ಯದ ಫ್ಯಾಕ್ಟರಿ ಕಾರ್ಮಿಕ, ವಿಜಯನಗರದಲ್ಲಿ ಬೆಳಗಿನ ಜಾವ ಕಸ ಗುಡಿಸೋ ಪೌರಕಾರ್ಮಿಕ, ರಾಜಾಜಿನಗರದ ಆಟೋದೋನು ವಾರ ವಾರ ಹೀಗೆ ಹೋಗೋಕೆ ಆಗುತ್ತಾ? ಇವರಿಗೆ ಬೇಕಿರೋದು ಸಂಜೆ ಆರರ ಮೇಲೆ, ನಡ್ಕೊಂಡು ಹೋಗೋ ದೂರದಲ್ಲಿ, ಕಾಸಿಲ್ಲದೆ ಸಿಗೋ ಗುಂಪು. ವಾರ್ಡಿಗೊಂದು ನಮ್ಮ ಕ್ಲಿನಿಕ್ ಕಟ್ಟಿದ್ದಾರಲ್ಲ, ವಾರಕ್ಕೊಂದು ಸಂಜೆ ಅದರ ಬಾಗಿಲು ತೆಗೆದ್ರೆ ಸಾಕು. ದುಡ್ಡಿಲ್ಲ ಅನ್ನೋ ಹಾಗಿಲ್ಲ. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಕೊಂಡಿರೋ ಸರ್ಕಾರ ಇದು. 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿದ್ರು. ಸಾರಾಯಿ ಪ್ಯಾಕೆಟ್ ಹೋದ ಜಾಗಕ್ಕೆ ವಿಸ್ಕಿ ಪ್ಯಾಕೆಟ್ ಬಂತು. ಕುಡಿಯೋ ಕೈ ಬದಲಾಗಲಿಲ್ಲ, ಬಿಲ್ಲು ಮಾತ್ರ ಜಾಸ್ತಿಯಾಯ್ತು.

ಕೆಲವು ಸಂಗಾತಿಗಳು 'ವ್ಯವಸ್ಥೆ ಬದಲಾಗದೆ ಇದೆಲ್ಲ ತೇಪೆ' ಅಂತಾರೆ. ನಾನೂ ವ್ಯವಸ್ಥೆ ಬದಲಾಗಲಿ ಅನ್ನೋನೇ. ಆದರೆ ಲಿವರ್ ಅಲ್ಲೀತನಕ ಕಾಯಲ್ಲ. ಕಳೆದ ಹತ್ತು ವರ್ಷದಲ್ಲಿ ನಾವು ಮಣ್ಣಿಗೆ ಹೋದ ಮನೆಗಳನ್ನ ನೆನೆಸ್ಕೊಳ್ಳಿ. ಎಷ್ಟು ಕಡೆ 'ಹೃದಯಾಘಾತ' ಅಂತ ಹೇಳಿ ಸುಮ್ಮನಾಗಿದ್ದೀವಿ.

ಇನ್ನು ಕೆಲವರು, ನಮ್ಮೋರಿಗೇ ಬೇರೆ ಗುಂಪು ಮಾಡೋಣ ಅಂತಾರೆ. ನನಗೆ ಒಪ್ಪಿಗೆ ಇಲ್ಲ. ಒಂದೇ ಕಾಲೋನಿಯೋರು ಸೇರಿದ್ರೆ ಸಂಜೆ ಹೇಳಿದ್ದು ರಾತ್ರಿಗೆ ನಲ್ಲಿ ಹತ್ರ ಬಂದಿರುತ್ತೆ. ಮೇಲಾಗಿ ಕುಡಿತ ಅಂದ್ರೆ ಹೊಲಗೇರಿದು ಅಂತ ಬೋರ್ಡು ಹಾಕ್ದಂಗೆ ಆಗುತ್ತೆ, ಬಸವೇಶ್ವರನಗರದ ದೊಡ್ಡ ಮನೆಗಳೊಳಗೆ ಯಾರೂ ಕುಡಿಯಲ್ವೇನೋ ಅನ್ನೋ ಹಾಗೆ. ಗುಂಪು ಎಲ್ಲರದೂ ಇರಲಿ. ಆದರೆ ಒಬ್ಬನೇ ಒಬ್ಬ ದಲಿತನನ್ನ ಹತ್ತು ಜನರ ಮಧ್ಯೆ ಕೂರಿಸಬೇಡಿ, ಕಡೇಪಕ್ಷ ಇಬ್ಬರು ಮೂವರು ಇರಲಿ. ಜಾತಿ ಎತ್ತಿ ಆಡಿದ್ರೆ ಅಲ್ಲೇ ತಡೀಬೇಕು ಅಂತ ಮೊದಲ ದಿನವೇ ನಿಯಮ ಹೇಳಲಿ. ಎಂಎಸ್‌ಡಬ್ಲ್ಯೂ ಓದಿ ಕೆಲಸ ಇಲ್ದೆ ಕೂತಿರೋ ನಮ್ಮ ಹುಡುಗ ಹುಡುಗೀರಿಗೆ ತರಬೇತಿ ಕೊಟ್ಟು ಕೌನ್ಸೆಲರ್ ಮಾಡಲಿ. ಈ ಮೂರನ್ನೂ ಸೇರಿಸಿ ಜಿಲ್ಲಾ ಆರೋಗ್ಯಾಧಿಕಾರಿಗೆ ಮನವಿ ಬರೀತಿದ್ದೀನಿ, ಆಫೀಸಲ್ಲಿ ದಿನಾ ಮಾಡೋ ಕೆಲಸಾನೇ ಇದು. ಸಹಿ ಹಾಕೋರು ಕಾಮೆಂಟಲ್ಲಿ ಹೆಸರು ಬರೀರಿ.

ಮನೇಲಿ ಯಾರಿಗಾದ್ರೂ ಈಗಲೇ ಸಹಾಯ ಬೇಕಿದ್ರೆ ವ್ಯಸನಮುಕ್ತಿ ಸಹಾಯವಾಣಿ 14446, ಟೆಲಿ ಮಾನಸ್ 14416, ಎರಡೂ ಫ್ರೀ. ಭಾಮೈದ ಮತ್ತೆ ಗುಂಪಿಗೆ ಹೋಗೋಕೆ ರೆಡಿ ಇದ್ದಾನೆ, ಆದರೆ ಆ ಜಾಗಕ್ಕಲ್ಲ. ವಿಜಯನಗರ, ರಾಜಾಜಿನಗರ ಕಡೆ ವಾರಕ್ಕೊಂದು ಸಂಜೆ ಒಂದೂವರೆ ಗಂಟೆ ಹಾಲ್ ಬಿಟ್ಕೊಡೋರು, ಬಂದು ಗುಂಪು ನಡೆಸೋಕೆ ಒಪ್ಪೋ ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಯಾರಾದ್ರೂ ಇದ್ರೆ ಇನ್‌ಬಾಕ್ಸ್ ಮಾಡಿ. ಕುರ್ಚಿ, ಟೀ ನಾನು ನೋಡ್ಕೊಳ್ತೀನಿ.