ಮಣ್ಣಿನ ಗುಣವರಿತ ಬೇಸಾಯ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಒಣಬೇಸಾಯದ ಮಾತೇಕೆ ಎಂದು ಓದುಗರು ಕೇಳಬಹುದು. ಗೋವೆಯ ಕನ್ನಡ ಶಾಲೆಗಳಲ್ಲಿ ಕಲಿಯುವ ಮಕ್ಕಳಲ್ಲಿ ಅನೇಕರ ಮನೆತನದ ಬೇರು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಜಿಲ್ಲೆಗಳ ಮಳೆಯಾಶ್ರಿತ ಹೊಲಗಳಲ್ಲಿದೆ. ಬಂದರು, ಗಣಿ, ಕಟ್ಟಡಗಳ ಕೆಲಸಕ್ಕೆಂದು ಇಲ್ಲಿಗೆ ಬಂದ ಹಿರಿಯರು ಹೊಲವನ್ನು ಪಾಲಿಗೋ ಲಾವಣಿಗೋ ಕೊಟ್ಟು ಬಂದರು. ಹೊಲ ಇಂದಿಗೂ ಅವರ ಹೆಸರಿನಲ್ಲಿರಬಹುದು. ಆದರೆ ಅದರ ಮಣ್ಣು ಎಂಥದು, ಎಷ್ಟು ಆಳವಿದೆ, ಯಾವಾಗ ಹದಕ್ಕೆ ಬರುತ್ತದೆ ಎಂಬ ಅರಿವು ಒಂದೇ ತಲೆಮಾರಿನಲ್ಲಿ ಅಳಿಯುತ್ತಿದೆ. ಇದು ಹೊಲವನ್ನೇ ಮಾರಿಕೊಂಡಷ್ಟು ದೊಡ್ಡ ನಷ್ಟವೆಂದು ನನ್ನ ಭಾವನೆ.

ನಮ್ಮ ಹಿರಿಯರು ಎರೆ ಮತ್ತು ಮಸಾರಿ ಎಂಬ ಎರಡು ಮಾತುಗಳಲ್ಲಿ ಬೇಸಾಯದ ಅರ್ಧ ಶಾಸ್ತ್ರವನ್ನು ಅಡಗಿಸಿಟ್ಟಿದ್ದರು. ಆಳವಾದ ಎರೆಭೂಮಿ ನೀರನ್ನು ನಿಧಾನವಾಗಿ ಕುಡಿಯುತ್ತದೆ, ಕುಡಿದುದನ್ನು ಬಹುಕಾಲ ಹಿಡಿದಿಡುತ್ತದೆ. ಮುಂಗಾರಿನಲ್ಲಿ ಅದು ಕಾಲಿಗೆ ಮೆತ್ತುವ ಅಂಟು. ಆದುದರಿಂದ ಹೊಲವನ್ನು ಬಿತ್ತದೆ ಬಿಟ್ಟು, ಕುಂಟೆ ಹೊಡೆದು, ಚೌಕುಮಡಿ ಕಟ್ಟಿ ಮಳೆಯನ್ನು ಮಣ್ಣಿನೊಳಗೇ ಕೂಡಿಡುತ್ತಾರೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಜೋಳ ಬಿತ್ತಿದರೆ, ಮುಂದೆ ಮಳೆ ಬಾರದಿದ್ದರೂ ಒಳಗಿನ ಹಸಿಯಲ್ಲೇ ಬೆಳೆ ಬರುತ್ತದೆ. ಒಣಗುತ್ತ ಹೋದಂತೆ ಎರೆ ಬಿರಿಯುತ್ತದೆ, ಬೇರು ಹರಿಯುತ್ತದೆ, ಹಸಿ ಆರುತ್ತದೆ. ಎಡೆಕುಂಟೆ ಹೊಡೆಯುವುದು ಕಳೆಗಾಗಿ ಮಾತ್ರವಲ್ಲ. ಸಡಿಲ ಮಣ್ಣಿನಿಂದ ಆ ಬಿರುಕನ್ನು ಮುಚ್ಚುವುದಕ್ಕಾಗಿ. ಮಸಾರಿಯ ನಡತೆಯೇ ಬೇರೆ. ಅದು ಬೇಗ ಕುಡಿದು ಬೇಗ ಆರುತ್ತದೆ, ಮಳೆ ಹೊಡೆದು ಬಿಸಿಲು ಬಿದ್ದರೆ ಮೇಲೆ ಹಕ್ಕಳೆಗಟ್ಟಿ ಮೊಳಕೆಯನ್ನು ಒತ್ತಿಹಿಡಿಯುತ್ತದೆ. ಅಲ್ಲಿ ಮುಂಗಾರಿನಲ್ಲೇ ಸಜ್ಜೆಯನ್ನೋ ನವಣೆಯನ್ನೋ ಬಿತ್ತಿ ಮುಗಿಸಬೇಕು. ಹಿಂಗಾರಿನವರೆಗೆ ಕಾದವನಿಗೆ ಕಾಳಿಲ್ಲ.

ಈ ಭೇದವನ್ನು ಮರೆತಾಗ ಏನಾಗುತ್ತದೆ ಎಂಬುದಕ್ಕೆ ಒಡ್ಡುಗಳ ಕಥೆಯೇ ಸಾಕ್ಷಿ. 1933ರಿಂದ 1935ರ ಅವಧಿಯಲ್ಲಿ ಸೋಲಾಪುರ, ಬಿಜಾಪುರ (ಇಂದಿನ ವಿಜಯಪುರ), ಹಗರಿ, ರಾಯಚೂರು ಮತ್ತು ರೋಹಟಕಗಳಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರಗಳು ಆರಂಭವಾದವು. ಐದರಲ್ಲಿ ಮೂರು ಇಂದಿನ ಕರ್ನಾಟಕದಲ್ಲಿವೆ. 1942ರಲ್ಲಿ ಬೊಂಬಾಯಿ ಪ್ರಾಂತ ಭೂಸುಧಾರಣೆಯ ಕಾನೂನು ತಂದಮೇಲೆ ಸಮಪಾತಳಿ ಒಡ್ಡುಗಳ ನಿರ್ಮಾಣ ಭರದಿಂದ ಸಾಗಿತು. ಉದ್ದೇಶ ಒಳ್ಳೆಯದೇ. ನೀರು ಬೇಗ ಇಂಗುವ ಹಗುರ ಭೂಮಿಯಲ್ಲಿ ಆ ಒಡ್ಡುಗಳು ಪ್ರಯೋಜನಕಾರಿಯೂ ಆದವು. ಆಳವಾದ ಎರೆಯಲ್ಲಿ ಮಾತ್ರ ಒಡ್ಡಿನ ಮಗ್ಗುಲಿಗೆ ನೀರು ನಿಂತು ಬೆಳೆ ಕೊಳೆಯಿತು. ಬೇಸಿಗೆಯಲ್ಲಿ ಒಡ್ಡೇ ಬಿರಿದು, ಮೊದಲ ದೊಡ್ಡ ಮಳೆಗೆ ಒಡೆದುಹೋಯಿತು. 1954ರಲ್ಲಿ ಆರಂಭವಾದ ಬಳ್ಳಾರಿಯ ಮಣ್ಣು ಸಂರಕ್ಷಣಾ ಕೇಂದ್ರದಂಥ ಕಡೆಗಳಲ್ಲಿ ನಡೆದ ಅಧ್ಯಯನಗಳ ತರುವಾಯ, ಎರೆಭೂಮಿಗೆ ಹೆಚ್ಚಿನ ನೀರನ್ನು ಮೆಲ್ಲಗೆ ಹೊರಗೆ ಸಾಗಿಸುವ ಇಳಿಜಾರಿನ ಒಡ್ಡುಗಳೇ ಯೋಗ್ಯವೆಂಬ ಸಲಹೆ ಬಂದಿತು. ಒಡ್ಡೂ ಮಣ್ಣನ್ನು ಕೇಳಿ ಹುಟ್ಟಬೇಕು!

ಬಣ್ಣವನ್ನಷ್ಟೇ ನೋಡಿದರೂ ಸಾಲದು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಮಾತು ಆ ನದಿಯ ದಂಡೆಯ ಆಳವಾದ ಎರೆಗೆ ಸಲ್ಲುತ್ತದೆ. ದಿಣ್ಣೆಯ ಮೇಲಿನ ಗೇಣುದ್ದದ ಕರಿಮಣ್ಣಿಗೆ ಸಲ್ಲದು. ತೆಳು ಮಣ್ಣಿನಲ್ಲಿ ತೆನೆ ಕಾಳುಗಟ್ಟುವ ಮೊದಲೇ ಹಸಿ ತೀರಿಹೋಗುತ್ತದೆ. ಮೋಹೋಳದಲ್ಲಿ ಆಯ್ದ ಮಾಲದಂಡಿ, ಅಂದರೆ ಎಂ 35-1, 1930ರ ದಶಕದಿಂದ ನಮ್ಮ ರೊಟ್ಟಿಯ ಜೋಳವಾಗಿದೆ. ಆದರೂ ರಾಹುರಿಯ ಕೃಷಿ ವಿಶ್ವವಿದ್ಯಾಲಯ ತೆಳು ಮಣ್ಣಿಗೆ ಫುಲೆ ಅನುರಾಧಾ, ಮಧ್ಯಮ ಆಳಕ್ಕೆ ಫುಲೆ ಚಿತ್ರಾ, ಆಳದ ಎರೆಗೆ ಫುಲೆ ವಸುಧಾ ಎಂದು ತಳಿಗಳನ್ನೇ ವಿಂಗಡಿಸಿ ಕೊಟ್ಟಿದೆ. ಇಂಥ ವಿವೇಕ ಬೀಜದ ಅಂಗಡಿಯವರೆಗೆ ಬಂದು ಅಲ್ಲೇ ನಿಲ್ಲುತ್ತದೆ. ಬಾಡಿಗೆಯ ಟ್ರ್ಯಾಕ್ಟರು ಎಲ್ಲ ಹೊಲಕ್ಕೂ ಒಂದೇ ಆಳದ ನೇಗಿಲು ಹೂಡಿ, ತೆಳು ಹೊಲದ ಗರಸನ್ನು ಮೇಲಕ್ಕೆ ಎಬ್ಬಿಸಿ ಹೋಗುತ್ತದೆ. ಗೋವೆಯಲ್ಲಿರುವ ಒಡೆಯನಿಗೆ ಅದು ತಿಳಿಯುವುದು ಫಸಲು ಕೈಕೊಟ್ಟ ಮೇಲೆ.

ಸರಕಾರ 2015ರಲ್ಲಿ ಮಣ್ಣು ಆರೋಗ್ಯ ಚೀಟಿಯ ಯೋಜನೆ ತಂದಿತು. ಸ್ವಾಗತಾರ್ಹವೇ. ಆದರೆ ಅದರ 12 ಅಂಶಗಳಲ್ಲಿ ಸಾರಜನಕವುಂಟು, ರಂಜಕವುಂಟು, ಸತುವುಂಟು, ಮಣ್ಣಿನ ಆಳವಿಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ಸುಮಾರು 3000 ಮಿಲಿಮೀಟರ್ ಮಳೆಯ ಗೋವೆಯೂ ಇದೇ ಪಾಠವನ್ನು ಬೇರೆ ರೀತಿಯಲ್ಲಿ ಹೇಳುತ್ತದೆ. ಇಲ್ಲಿನ ಖಾಜನ್ ಗದ್ದೆಗಳ ಒಡ್ಡು ಇರುವುದು ಉಪ್ಪುನೀರನ್ನು ಹೊರಗಿಡಲು. ಮಳೆಗಾಲದ ನೀರು ಉಪ್ಪನ್ನು ತೊಳೆದ ಮೇಲೆ ಅಲ್ಲಿ ಉಪ್ಪನ್ನು ತಾಳುವ ಕೋರಗುಟ್ ಭತ್ತ ಬೆಳೆಯುತ್ತದೆ. ಎರಡೂ ನಾಡಿನ ಒಡ್ಡುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ನಮ್ಮ ಮಕ್ಕಳಿಗಿದೆ. ಧಾರವಾಡದ ಮಕ್ಕಳಿಗೂ ಪಣಜಿಯ ಮಕ್ಕಳಿಗೂ ಅದು ಅಷ್ಟು ಸುಲಭವಲ್ಲ.

ಈ ಮಹೋತ್ಸವದ ವರ್ಷದಲ್ಲಿ ಶಾಲೆಯ ಮುಂದೆ ನನ್ನದೊಂದು ಸಣ್ಣ ಸೂಚನೆ. ಬೇಸಿಗೆಯ ರಜೆಗೆ ಊರಿಗೆ ಹೋಗುವ ಮಕ್ಕಳು ತಮ್ಮ ಹೊಲದಲ್ಲೊಂದು ಗುಂಡಿ ತೋಡಿ, ಮಣ್ಣು ಎಷ್ಟು ಗೇಣು, ಗರಸು ಎಲ್ಲಿಂದ ಎಂದು ಅಳೆದು ಬರಲಿ. ಆಗ ಎರೆಹೊಲ ಬಿರಿದಿರುತ್ತದೆ. ಬಿರುಕಿಗೆ ಕೋಲು ಇಳಿಸಿದರೂ ಅರ್ಧ ಉತ್ತರ ಸಿಕ್ಕೀತು. ಅಜ್ಜ ಅಜ್ಜಿಯರು ಆ ಹೊಲಕ್ಕೆ ಏನೆಂದು ಕರೆಯುತ್ತಾರೆ, ಯಾವಾಗ ಏನು ಬಿತ್ತುತ್ತಿದ್ದರು ಎಂಬುದನ್ನೂ ಕೇಳಿ, ಶಾಲೆಯಲ್ಲೊಂದು ದಪ್ಪ ವಹಿ ಇಟ್ಟು ಬರೆದಿಡಲಿ. ಹಿಂಗಾರು ಬಿತ್ತನೆಗೆ ಮುನ್ನ, ಪಾಲಿಗೆ ಮಾಡುವವರೊಡನೆ ಮಾತನಾಡುವ ಹೊತ್ತಿಗೆ, ಆ ವಹಿ ತಂದೆತಾಯಿಗಳ ಕೈಗೆ ಸಿಗಬೇಕು.