ಶತಮಾನ ಕಂಡ ಕೆಇಎಂ

ಮುಂಬಯಿಯ ಪರೇಲ್‌ನಲ್ಲಿ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜು ಮತ್ತು ಕೆಇಎಂ ಆಸ್ಪತ್ರೆ 1926ರಲ್ಲಿ ಸ್ಥಾಪನೆಯಾದವು. ವೈದ್ಯ ಶಿಕ್ಷಣದ ಉನ್ನತ ಹುದ್ದೆಗಳು ಬ್ರಿಟಿಷರ ಪಾಲಾಗಿದ್ದ ಆ ಕಾಲದಲ್ಲಿ, ಇಲ್ಲಿ ಅರ್ಹ ಭಾರತೀಯರೇ ಬೋಧಕರಾಗಬೇಕೆಂಬ ಷರತ್ತಿನೊಂದಿಗೆ ಗೋರ್ಧನದಾಸ್ ಸುಂದರದಾಸ್ ಅವರ ಆಸ್ತಿಯಿಂದ ದಾನ ಬಂದಿತ್ತು. ಡಾ. ಜೀವರಾಜ್ ಮೆಹ್ತಾ ಮೊದಲ ಡೀನ್. 1986ರಲ್ಲಿ ಡಾ. ಇಂದಿರಾ ಹಿಂದುಜಾ ಅವರ ಪ್ರಯತ್ನದಿಂದ ಪ್ರನಾಳ ಶಿಶು ಜನಿಸಿದ್ದೂ ಮಹಾನಗರಪಾಲಿಕೆಯ ಇದೇ ಆಸ್ಪತ್ರೆಯಲ್ಲಿ.

ಖಾಸಗಿ ಆಸ್ಪತ್ರೆಯ ಬಿಲ್ಲು ಕಟ್ಟಲಾಗದವರಿಗೆ ಇಂದಿಗೂ ಇದೇ ಆಸರೆ. ಆದರೆ ಊರಿನಿಂದ ಬಂದ ರೋಗಿಗೆ ಭಾಷೆ ತಿಳಿಯದೆ ಕೇಸ್ ಪೇಪರ್ ಮಾಡಿಸುವುದೇ ಕಷ್ಟ. ನಮ್ಮ ಸಂಘಗಳು ರಕ್ತದಾನ ಶಿಬಿರದ ಜೊತೆಗೆ, ವಾರಕ್ಕೊಂದು ದಿನ ಒಬ್ಬ ಕಾರ್ಯಕರ್ತರನ್ನಾದರೂ ಇಂಥವರ ನೆರವಿಗೆ ಕಳುಹಿಸಲಿ. ಶತಮಾನೋತ್ಸವಕ್ಕೆ ಅದೇ ನಮ್ಮ ನಿಜವಾದ ಕಾಣಿಕೆ.