ಬೆಲೆ ಕೇಳಿದರೆ ತಪ್ಪೇನು?

ಬೆಲೆ ಕೇಳುವುದು ಹೆಂಗಸರಿಗೆ ಅಂಟಿದ ರೋಗ ಎನ್ನುವವರಿದ್ದಾರೆ. ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಜಗ್ಗಾಡುತ್ತೇವಂತೆ, ಸೀರೆ ಅಂಗಡಿಯವನ ಜೀವ ಹಿಂಡುತ್ತೇವಂತೆ. ಇರಬಹುದು. ನಾವು ಹೀಗೆ ಕೇಳದೇ ಹೋಗಿದ್ದರೆ ಎಷ್ಟು ಮನೆಗಳ ಡಬ್ಬಿಗಳು ಇಪ್ಪತ್ತನೇ ತಾರೀಕಿಗೇ ಬರಿದಾಗುತ್ತಿದ್ದವು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಈ ರೋಗ ನನಗೂ ಉಂಟು. ವಾಸಿ ಮಾಡಿಕೊಳ್ಳುವ ಇರಾದೆ ಖಂಡಿತ ಇಲ್ಲ.

ಈ ಸಲ ಜಗಳ ಸೊಪ್ಪಿನದಲ್ಲ, ವೈನಿನದು. ನಮ್ಮ ಅತ್ತಿಗುಪ್ಪೆಯಲ್ಲಿ ಹನ್ನೆರಡು ಹೆಂಗಸರು ಸೇರಿ ಚೀಟಿ ನಡೆಸುತ್ತೇವೆ. ವರ್ಷಕ್ಕೊಮ್ಮೆ, ಒಟ್ಟಾದ ದುಡ್ಡಿನಲ್ಲಿ ಎಲ್ಲಿಗಾದರೂ ಹೋಗಿಬರುತ್ತೇವೆ. ಮೇಲುಕೋಟೆ, ಶೃಂಗೇರಿ ಎಲ್ಲ ಆಗಿದೆ. ಈ ಬಾರಿ ನಮ್ಮಲ್ಲೊಬ್ಬರ ಸೊಸೆ ಒಂದು ಆಹ್ವಾನ ಹಿಡಿದು ಬಂದಳು. ನಗರದ ದೊಡ್ಡ ಹೋಟೆಲೊಂದರಲ್ಲಿ ವೈನ್ ತಯಾರಕರೊಡನೆ ರಾತ್ರಿಯೂಟ. ಐದು ಬಗೆಯ ತಿನಿಸು, ಒಂದೊಂದಕ್ಕೂ ಒಂದೊಂದು ವೈನ್. ಮಾಡಿದವರೇ ಬಂದು ವಿವರಿಸುತ್ತಾರೆ. ತಲೆಗೆ 6,000 ರೂಪಾಯಿ, ತೆರಿಗೆ ಬೇರೆ. "ಆಂಟಿ, ಇನ್ನೂ ಎಷ್ಟು ದಿನ ಪುಳಿಯೋಗರೆ ಕಟ್ಟಿಕೊಂಡು ದೇವಸ್ಥಾನಕ್ಕೇ ಹೋಗ್ತೀರ?" ಎಂದಳು ಹುಡುಗಿ.

ಗುಂಪು ಎರಡು ಪಾಲಾಯಿತು. "ಛೀ, ಮನೆ ಹೆಂಗಸರು ಹೋಗೋ ಜಾಗವೇ ಅದು?" ಎಂದರು ಕೆಲವರು. "ಗಂಡಸರು ಹೋದರೆ ಯಾರಾದರೂ ಕೇಳ್ತಾರಾ?" ಎಂದರು ಉಳಿದವರು. ನಾನು ಯಾವ ಕಡೆಗೂ ಸೇರಲಿಲ್ಲ. ವೈನ್ ಪಾಪವೆನ್ನಲು ನನಗೆ ಬಾಯಿಲ್ಲ. ಪಕ್ಕದ ಬೀದಿಯ ಕ್ರೈಸ್ತ ಗೆಳತಿ ಜಾಡಿಯಲ್ಲಿ ದ್ರಾಕ್ಷಿ, ಸಕ್ಕರೆ ಹಾಕಿಟ್ಟು ಮಾಡುವ ವೈನನ್ನು ಎಷ್ಟೋ ಕ್ರಿಸ್‌ಮಸ್‌ಗಳಲ್ಲಿ ಕೇಕಿನೊಂದಿಗೆ ಕುಡಿದಿದ್ದೇನೆ. ನನ್ನ ಪ್ರಶ್ನೆ ಇಷ್ಟೇ: ಹನ್ನೆರಡು ಜನರ 72,000 ರೂಪಾಯಿಗೆ ಏನು ಕೊಡುತ್ತಾರೆ?

ಹೋಟೆಲಿಗೆ ಫೋನು ಮಾಡಿದೆ. ಒಂದು ಲೋಟಕ್ಕೆ 75 ಮಿಲಿಲೀಟರ್ ಎಂದರು. ಐದು ಲೋಟಕ್ಕೆ 375. ವೈನ್ ಬಾಟಲಿ 750 ಮಿಲಿಲೀಟರಿನದು, ಅಂದರೆ ತಲೆಗೆ ಸರಿಯಾಗಿ ಅರ್ಧ ಬಾಟಲಿ. ಎಷ್ಟು ಜನ ಬರುತ್ತಾರೆ ಎಂದೆ. ನೂರರ ಹತ್ತಿರ ಎಂದರು. ನೂರು ಜನರ ನಡುವೆ ಆ ತಯಾರಕರು ನಮ್ಮ ಮೇಜಿಗೆ ಬಂದು ಎಷ್ಟು ಹೊತ್ತು ಮಾತಾಡಿಯಾರು? ಊಟಕ್ಕೆ ಜಿಎಸ್‌ಟಿ ಉಂಟು, ಮದ್ಯ ಜಿಎಸ್‌ಟಿಯ ಹೊರಗಿದೆ, ಹಾಗಾದರೆ ತೆರಿಗೆಯನ್ನು 6,000ದಲ್ಲಿ ಎಷ್ಟರ ಮೇಲೆ ಹಾಕುತ್ತೀರಿ ಎಂದೆ. ಉತ್ತರವಿಲ್ಲ. ಸಸ್ಯಾಹಾರಿಗಳಿಗೆ ದರ ಕಡಿಮೆಯೇ? ಇಲ್ಲ. ವೈನನ್ನು ತಿಳಿಯಾಗಿಸಲು ಕೆಲವು ಕಡೆ ಮೊಟ್ಟೆಯ ಬಿಳಿ, ಮೀನಿನ ಗಾಳಿಚೀಲದಿಂದ ತೆಗೆದ ಅಂಟು ಬಳಸುತ್ತಾರೆ, ನಿಮ್ಮದರಲ್ಲಿ ಹೇಗೆ? ಆತ ಸುಸ್ತಾದರು. "ಮೇಡಂ, ಇದೊಂದು ಎಕ್ಸ್‌ಪೀರಿಯನ್ಸ್. ಹೀಗೆಲ್ಲ ಲೆಕ್ಕ ಹಾಕಬಾರದು" ಎಂದರು.

ನನ್ನ ತಕರಾರು ಇರುವುದು ಈ ಮಾತಿನ ಮೇಲೆ. ಅನುಭವ ಎಂಬ ಪದಕ್ಕೆ ಕನ್ನಡದಲ್ಲಿ ಬಹಳ ತೂಕವಿದೆ. ಅನುಭವ ಮಂಟಪ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಹೆಣ್ಣುಮಕ್ಕಳೂ ಎದ್ದುನಿಂತು ಪ್ರಶ್ನೆ ಕೇಳಿದ ಜಾಗ. ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸುವುದಕ್ಕೇ ಅದೇ ಪದವನ್ನು ಬಳಸಿದರೆ ಹೊಟ್ಟೆ ಉರಿಯದೇ ಇರುತ್ತದೆಯೇ?

ಕೇಳುವಂಥದ್ದು ಬೇಕಾದಷ್ಟಿದೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ತಲೆಮಾರುಗಳಿಂದ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಅದರ ಪರಿಮಳ ನಮ್ಮ ಬಾಲ್ಯದ ಪರಿಮಳ. ಆದರೆ ಇಂಥ ಊಟದ ಮೇಜಿಗೆ ಬರುವುದು ಸಾಮಾನ್ಯವಾಗಿ ಕ್ಯಾಬರ್ನೆ, ಶಿರಾಜ್‌ನಂಥ ಫ್ರಾನ್ಸಿನ ತಳಿಗಳು. ನಂದಿಬೆಟ್ಟದ ತಪ್ಪಲಲ್ಲಿ ಕನ್ವಲ್ ಗ್ರೋವರ್ 1988ರಲ್ಲಿ ಆ ತಳಿಗಳನ್ನು ನೆಲೆಗೊಳಿಸಿದರು. 1990ರ ದಶಕದಲ್ಲಿ ಫ್ರಾನ್ಸಿನ ಮಿಶೆಲ್ ರೋಲಾಂ ಅಲ್ಲಿಗೆ ಸಲಹೆಗಾರರಾಗಿ ಬಂದರು. ಅದು ಸಣ್ಣ ಸಾಹಸವಲ್ಲ. ನಮ್ಮ ಹವೆಯಲ್ಲಿ ಬಳ್ಳಿ ಚಳಿಗೆ ನಿದ್ದೆ ಹೋಗುವುದಿಲ್ಲ, ವರ್ಷಕ್ಕೆ ಎರಡು ಸಲ ಕತ್ತರಿಸಬೇಕು. ವಿಜಯಪುರದವರು ಇದಕ್ಕೆ ಚಾಟ್ನಿ ಎನ್ನುತ್ತಾರೆ. ಇದನ್ನೆಲ್ಲ ತಿಳಿದವರು ಎದುರು ಕೂತು ಹೇಳಿದರೆ ದುಡ್ಡು ಕೊಟ್ಟು ಕೇಳುವಂಥ ಮಾತೇ. ನೀಲಿ ದ್ರಾಕ್ಷಿ ಬೆಳೆದವನಿಗೆ ಇದರಲ್ಲಿ ಪಾಲೆಷ್ಟು ಎಂದೂ ಕೇಳಬಹುದು.

ಇನ್ನೊಂದು ಲೆಕ್ಕವಿದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದೇ ವರ್ಷ ಸರ್ಕಾರ ರೈತರ ಹೆಸರು ಹೇಳಿ ವೈನ್ ನೀತಿ ತಂದಿತು. ಬಡವನ ಲೋಟ ಅಪರಾಧವಾದ ವರ್ಷವೇ ಉಳ್ಳವನ ಲೋಟ ಕೃಷಿ ಅಭಿವೃದ್ಧಿಯಾಯಿತು! 2019ರ ಜನವರಿಯಲ್ಲಿ ಪೂರ್ತಿ ಮದ್ಯ ನಿಷೇಧ ಕೇಳಿಕೊಂಡು ಸಾವಿರಾರು ಹಳ್ಳಿಯ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ನಿಷೇಧದಿಂದ ಕುಡಿತ ನಿಲ್ಲುತ್ತದೆಂದು ನಾನು ನಂಬಿದವಳಲ್ಲ. ಆದರೂ ಗಂಡನ ಕೂಲಿ ಎಲ್ಲಿಗೆ ಹೋಯಿತು ಎಂದು ಅವರು ಬೀದಿಗಿಳಿದು ಕೇಳಿದರಲ್ಲ, ಆ ಲೆಕ್ಕ ಕೇಳುವ ಧೈರ್ಯದ ಮುಂದೆ ನಮ್ಮದು ಎಷ್ಟರದು? ಬೆಲೆ ಕೇಳಿದರೆ ಸಣ್ಣವರಾಗಿಬಿಡುತ್ತೇವೆಂದು ಹೆದರಿ, ತಣ್ಣನೆಯ ಹಾಲಿನಲ್ಲಿ ಬಾಯಿ ಮುಚ್ಚಿ ಕೂರುವುದಕ್ಕೆ ಪಟ್ಟಣದ ನಮಗೆ ನಾಚಿಕೆಯಾಗಬೇಕು.

ಹಾಗೆಂದು ಇಂಥ ಊಟವೆಲ್ಲ ದಂಡ ಎನ್ನುವುದಿಲ್ಲ. ಇಪ್ಪತ್ತೈದು ಜನರಿಗೆ ಮೀರದೆ ಕೂರಿಸಲಿ. ಅಂಗಡಿಯಲ್ಲಿ ಸಿಗದ ಹಳೆಯ ಬಾಟಲಿ ತೆರೆಯಲಿ. ತಯಾರಕರು ಪ್ರತಿ ಮೇಜಿನಲ್ಲಿ ಕೂತು, ಆ ವರ್ಷ ಮಳೆ ಯಾವಾಗ ಬಂತು, ಯಾವ ಪೀಪಾಯಿ ಕೆಟ್ಟಿತು, ಕೂಲಿ ಎಷ್ಟು ಕೊಟ್ಟೆವು ಎಂದು ಹೇಳಲಿ. ಆಗ 6,000 ಹೆಚ್ಚಲ್ಲ, ಮಗಳ ಮದುವೆಯಲ್ಲಿ ಯಾರೂ ನೋಡದ ಹೂವಿನ ಕಮಾನಿಗೆ ಅದಕ್ಕಿಂತ ಹೆಚ್ಚು ಸುರಿದಿದ್ದೇವೆ. ಅದಾಗದಿದ್ದರೆ, ಫೆಬ್ರವರಿ–ಮಾರ್ಚ್‌ನಲ್ಲಿ ಕೊಯ್ಲಿನ ಹೊತ್ತಿಗೆ ನಂದಿಯ ಕಡೆಯ ತೋಟಕ್ಕೇ ಹೋಗೋಣ. ವೈನರಿ ತೋರಿಸಿ ರುಚಿ ನೋಡಿಸುವ ಏರ್ಪಾಡು ಅಲ್ಲುಂಟು. ಬುತ್ತಿಗೆ ಪುಳಿಯೋಗರೆಯೂ ಇರಲಿ. ನನ್ನ ಓಟು ಇದಕ್ಕೇ.

ಹೋಗುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಗಂಡ ಬೇಡವೆಂದನೆಂದು ಬಿಡಬೇಡಿ, ಸೊಸೆ ನಕ್ಕಳೆಂದು ಹೋಗಬೇಡಿ. ಮೊದಲು ಫೋನು ತೆಗೆದುಕೊಂಡು ಕೇಳಿ. ಉತ್ತರ ಕೊಡುವಷ್ಟು ಮರ್ಯಾದೆ ತೋರಿಸಿದವರಿಗೆ ನಿಮ್ಮ ದುಡ್ಡು ಕೊಡಿ.